ಅರವತ್ತಮೂರು ಧಾತು, ಒಂದೇ ಗೋಡೆ

ಬಸವಂತಪ್ಪ ಮಾಸ್ತರರ ಮಾನ ಹೋದದ್ದು ಒಂದು ಸುರುಳಿ ಟೇಪಿನಿಂದ. ನೀಲಿ ಬಣ್ಣದ ಟೇಪು. ಮನೆಗೆ ಬಣ್ಣ ಹೊಡೆಯುವವರು ಅಂಚಿಗೆ ಅಂಟಿಸಿಕೊಳ್ಳುತ್ತಾರಲ್ಲ, ಅದು. ಕೆನಡಾದ ವುಡ್‌ಬ್ರಿಡ್ಜ್‌ನ ಶಾಲೆಯೊಂದರ ಜಿಮ್ಮನ್ನು ರಾಜ್ಯೋತ್ಸವಕ್ಕೆ ಬಾಡಿಗೆಗೆ ಕೊಡುವಾಗ ಶಾಲೆಯವರು ಒಂದು ಷರತ್ತು ಹಾಕಿದ್ದರು: ಗೋಡೆಗೆ ಏನೇ ಹಚ್ಚಿದರೂ ಈ ಟೇಪಿನಿಂದಲೇ ಹಚ್ಚಬೇಕು. ಈ ಟೇಪಿನ ದೊಡ್ಡ ಗುಣವೆಂದರೆ ಅದು ಗೋಡೆಯ ಬಣ್ಣ ಕೀಳುವುದಿಲ್ಲ. ಯಾಕೆ ಕೀಳುವುದಿಲ್ಲವೆಂದರೆ ಅದು ಗೋಡೆಗೆ ಸರಿಯಾಗಿ ಅಂಟುವುದೇ ಇಲ್ಲ. ಹೊಸ ಅಳಿಯ ಮಾವನ ಮನೆಯ ಕುರ್ಚಿಯ ತುದಿಯಲ್ಲಿ ಕೂತ ಹಾಗೆ, ಕೂತಂತೆಯೂ ಇರುತ್ತದೆ, ಎದ್ದು ಹೊರಟಂತೆಯೂ ಇರುತ್ತದೆ.

ಮಾಸ್ತರರು ರಾಣೆಬೆನ್ನೂರಿನಲ್ಲಿ ಹದಿನೆಂಟು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವರು. ಕೆನಡಾಕ್ಕೆ ಬಂದು ಆರು ವರ್ಷವಾಗಿತ್ತು. ಈಗ ಅಡುಗೆಮನೆಯ ಕಪಾಟು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ಬಾಗಿಲ ಕೀಲು, ಹಿಡಿಕೆ, ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಗಳಿಗೆ ವಿಂಗಡಿಸಿ ಹಾಕುವುದು ಅವರ ಕೆಲಸ. ಕೆಲಸದ ಮೇಲೆ ಅವರಿಗೆ ದೂರಿರಲಿಲ್ಲ. ಆದರೆ ಕೀಲುಗಳು ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ, ಸ್ಕ್ರೂಗಳು "ಸರ್, ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಅನ್ನುವುದಿಲ್ಲ. ಆ ಮಾತು ಕೇಳದೆ ಮಾಸ್ತರರ ಕಿವಿ ಬರಗಾಲದ ಕೆರೆಯಂತೆ ಬಿರುಕು ಬಿಟ್ಟಿತ್ತು.

2019ರಲ್ಲಿ ಆವರ್ತ ಕೋಷ್ಟಕಕ್ಕೆ ನೂರೈವತ್ತು ವರ್ಷ ತುಂಬಿತೆಂದು ಲೋಕವೆಲ್ಲ ಹಬ್ಬ ಮಾಡುತ್ತಿತ್ತು. ಕನ್ನಡ ಬಳಗದವರೂ ರಾಜ್ಯೋತ್ಸವದಲ್ಲಿ ಇಪ್ಪತ್ತು ನಿಮಿಷದ ವಿಜ್ಞಾನ ಕಾರ್ಯಕ್ರಮ ಇಟ್ಟುಕೊಂಡು ಮಾಸ್ತರರನ್ನು ಕೇಳಿದರು. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ನ್ಯೂಮಾರ್ಕೆಟ್‌ನಲ್ಲಿ ಮಕ್ಕಳ ಟ್ಯೂಷನ್ ಶಾಲೆ ನಡೆಸುವ ಶೈಲಜಾ ಮೇಡಂ ಅಂದು ಬರುವವರಿದ್ದರು. ಶನಿವಾರ ಬೆಳಿಗ್ಗೆ ಎಂಟು-ಹತ್ತು ವರ್ಷದ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಅವರು ಒಬ್ಬರನ್ನು ಹುಡುಕುತ್ತಿದ್ದರು. ವಾರಕ್ಕೆ ಎರಡೇ ಗಂಟೆಯಾದರೇನು, ಕೈಯಲ್ಲಿ ಬಳಪ, ಎದುರಿಗೆ ಮಕ್ಕಳು! ಮಾಸ್ತರರು ಎರಡು ವಾರ ನಿದ್ದೆಯಲ್ಲೂ ಪಾಠ ಒಪ್ಪಿಸಿದರು.

"ಕೋಷ್ಟಕ ಎಲ್ಲಾ ಪುಸ್ತಕದಾಗೂ ಐತಿ. ಅದು ಸಿಗೋಕಿಂತ ಮೊದಲ ಮಂದಿ ಕತ್ತಲದಾಗ ಹೆಂಗ ತಡಕಾಡಿದ್ರು, ಅದನ್ನ ಹೇಳಬೇಕು," ಎಂದು ಹೆಂಡತಿ ದ್ರಾಕ್ಷಾಯಿಣಿಯ ಹಿಂದೆ ಅಡುಗೆಮನೆಯಲ್ಲಿ ಸುತ್ತಿದರು. ಆಕೆ ಶೇಂಗಾ ಹುರಿಯುತ್ತ "ಹ್ಞೂಂ" ಅಂದಳು. ಮೂರು-ಮೂರರ ಗುಂಪು ಕಟ್ಟಿದ ಜರ್ಮನಿಯ ಡೋಬರೈನರ್ ಬಂದಾಗ ಆಕೆ ಈರುಳ್ಳಿ ಹೆಚ್ಚುತ್ತಿದ್ದಳು, "ಹ್ಞೂಂ." ಧಾತುಗಳನ್ನು ಕಂಬದ ಸುತ್ತ ಸುರುಳಿ ಸುತ್ತಿದ ಫ್ರಾನ್ಸಿನ ಶಾಂಕೂರ್ತ್ವಾ ಬಂದಾಗ ಪುಟಾಣಿ ಪುಡಿ ಮಾಡುತ್ತಿದ್ದಳು, "ಹ್ಞೂಂ." ಗೋಡೆಗೆ ಹೇಳಿದರೂ ಇದಕ್ಕಿಂತ ಹೆಚ್ಚಿನ ಉತ್ತರ ಬಂದೀತು ಅಂದುಕೊಂಡರು ಮಾಸ್ತರರು.

ಕಾರ್ಯಕ್ರಮದ ದಿನ ಹನ್ನೊಂದು ಗಂಟೆಗೇ ಜಿಮ್ಮು ಸೇರಿದರು. ಕೋಷ್ಟಕ ಮಾಡಿದ ರಷ್ಯಾದ ಮೆಂಡಲೀವನ ಕಾಲಕ್ಕೆ ಗೊತ್ತಿದ್ದದ್ದು ಅರವತ್ತಮೂರು ಧಾತು. ಸೀರಿಯಲ್ ಡಬ್ಬಿಗಳ ರಟ್ಟು ಕತ್ತರಿಸಿ, ಎರಡೂ ಬದಿಗೆ ಬಿಳಿ ಹಾಳೆ ಅಂಟಿಸಿ ಅರವತ್ತಮೂರು ಕಾರ್ಡು ಮಾಡಿ, ಒಂದೊಂದರ ಮೇಲೂ ಕನ್ನಡದಲ್ಲಿ ಹೆಸರು, ಕೆಳಗೆ ತೂಕ ಬರೆದಿದ್ದರು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗಿನ ಗೋಡೆಗೆ ಒಂದೊಂದನ್ನೇ ಹಚ್ಚಿ, ಹಿಂದೆ ಸರಿದು ನೋಡಿದರು. ಜಲಜನಕದಿಂದ ಶುರುವಾಗಿ ಸಾಲುಸಾಲಾಗಿ ನಿಂತಿದ್ದವು. ನಡುನಡುವೆ, ಮೆಂಡಲೀವ್ ಬಿಟ್ಟಂತೆಯೇ, ಖಾಲಿ ಜಾಗ. ಮಾಸ್ತರರಿಗೆ ಕಣ್ಣು ತುಂಬಿ ಬಂತು.

"ರೀ, ಗಿರಮಿಟ್ಟಿನ ಪಾತೇಲಿ ಕಾರಿನಾಗ ಐತಿ, ತರ್ರಿ!" ಎಂದು ಆ ತುದಿಯಿಂದ ದ್ರಾಕ್ಷಾಯಿಣಿ ಕೂಗಿದಳು. ಊಟದ ಟೇಬಲ್ಲು ಅಂದು ಅವಳದೇ.

ಮಂಡಕ್ಕಿ ಗಿರಮಿಟ್ಟು ತುಂಬಿದ ದೊಡ್ಡ ಪಾತೇಲಿ ಹೊತ್ತು ತಂದು ಇಳಿಸಿ ಗೋಡೆಯ ಕಡೆ ನೋಡುತ್ತಾರೆ, ಸತುವಿಗೂ ಆರ್ಸೆನಿಕ್ಕಿಗೂ ನಡುವೆ ಕೋಟು ಹಾಕಿದ ಒಬ್ಬ ಗೃಹಸ್ಥ ಹಲ್ಲು ಕಿರಿಯುತ್ತಿದ್ದಾನೆ. ಕೆಳಗೆ "ಮನೆ ಕೊಳ್ಳುವಿರಾ? ಮಾರುವಿರಾ?" ಎಂದು ಬರೆದಿದೆ. ಅವನ ಪಕ್ಕದಲ್ಲಿ ಮಿಠಾಯಿ ಅಂಗಡಿಯ ಜಾಹೀರಾತು.

"ಇದನ್ಯಾರು ಹಚ್ಚಿದ್ರು?"

"ನಾನೇ ಮಾಷ್ಟ್ರೇ," ಎಂದ ಬಳಗದ ಕಾರ್ಯದರ್ಶಿ ಅಂಗಾರ. ಪುತ್ತೂರು ಕಡೆಯವನು, ಒಶಾವಾದ ಗೋಡೌನೊಂದರಲ್ಲಿ ಸೂಪರ್‌ವೈಸರ್. ಖಾಲಿ ಕಪಾಟು ಕಂಡರೆ ಅವನಿಗೆ ಕೈ ತುರಿಸುತ್ತದೆ. "ಅಲ್ಲಿ ಖಾಲಿ ಉಂಟಲ್ಲ, ನೋಡ್ಲಿಕ್ಕೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತಿತ್ತು. ಸ್ಪಾನ್ಸರ್ಸ್ ಇಬ್ಬರು ಎಲ್ಲಿ ನಮ್ಮ ಬೋರ್ಡು ಅಂತ ಬೆಳಿಗ್ಗೆಯಿಂದ ಫೋನ್ ಮಾಡ್ತಿದ್ದಾರೆ."

"ಅಂಗಾರ ಅವರ, ಅದನ್ನ ಬೇಕಂತನ ಖಾಲಿ ಬಿಟ್ಟೀನಿ! ಅಲ್ಲಿ ಇನ್ನೂ ಸಿಗದಂಥಾ ಧಾತು ಬರಬೇಕು."

"ಬಂದಾಗ ಇದನ್ನು ತೆಗೆದರಾಯ್ತಲ್ಲ ಮಾರಾಯ್ರೆ."

ಮಾಸ್ತರರು ಜಾಹೀರಾತು ಕಿತ್ತರು. ಅದೇ ಹೊತ್ತಿಗೆ ಚಾವಣಿಯ ಹೀಟರ್ ಗುರ್ ಎಂದು ಶುರುವಾಯಿತು. ಬಿಸಿಗಾಳಿ ಒಂದು ಸಲ ಗೋಡೆಯನ್ನು ಸವರಿದ್ದೇ ತಡ, ಮೇಲಿನ ಸಾಲು ಕಳಚಿತು; ಅದು ಎರಡನೆಯ ಸಾಲಿನ ಮೇಲೆ ಬಿತ್ತು, ಎರಡನೆಯದು ಮೂರನೆಯದನ್ನು ಎಳಕೊಂಡು ಬಂತು. ಅರೆನಿಮಿಷದಲ್ಲಿ ಚಿನ್ನ, ಬೆಳ್ಳಿ, ಗಂಧಕ, ಪಾದರಸವೆಲ್ಲ ನೆಲದ ಮೇಲೆ ನವೆಂಬರಿನ ಎಲೆಗಳಂತೆ ಹರಡಿದವು.

"ನೀವು ಇನ್ನಷ್ಟು ನೀಲಿ ಟೇಪು ತನ್ನಿ, ನಾವು ಹೆಕ್ತೇವೆ," ಎಂದ ಅಂಗಾರ, ಒಳ್ಳೆಯ ಮನಸ್ಸಿನಿಂದಲೇ.

ಇನ್ನೊಂದು ಸುರುಳಿ ಹುಡುಕಿ ಮಾಸ್ತರರು ಹತ್ತಿರದ ಮೂರು ಅಂಗಡಿ ಸುತ್ತಿದರು, ಸಿಗಲಿಲ್ಲ. ತಿರುಗಿ ಬರುವಷ್ಟರಲ್ಲಿ ಕಾರ್ಡುಗಳೆಲ್ಲ ಮತ್ತೆ ಗೋಡೆಯ ಮೇಲಿದ್ದವು, ಒಂದೊಂದಕ್ಕೂ ನಾಲ್ಕು ಮೂಲೆಗೂ ನೀಲಿ ಪಟ್ಟಿ. ಮಾಸ್ತರರ ಮುಖ ಅರಳಿತು. ಹತ್ತಿರ ಹೋಗಿ ಓದಿದರು: ಅಯೋಡಿನ್, ಅಲ್ಯೂಮಿನಿಯಂ, ಆಮ್ಲಜನಕ, ಆರ್ಸೆನಿಕ್, ಇಂಗಾಲ... ಎಲ್ಲಕ್ಕಿಂತ ಹಗುರವಾದ ಜಲಜನಕ, ಪಾಪ, ನಡುವೆ ಎಲ್ಲೋ ಚಿನ್ನದ ಪಕ್ಕದಲ್ಲಿ ಬಡ ನೆಂಟನಂತೆ ನಿಂತಿತ್ತು.

"ರಾಜ್ಯೋತ್ಸವ ಅಲ್ವಾ ಮಾಷ್ಟ್ರೇ, ಕನ್ನಡ ಅಕ್ಷರಮಾಲೆ ಪ್ರಕಾರ ಇಟ್ಟೆ. ಈಗ ಯಾರಿಗೆ ಯಾವುದು ಬೇಕಾದ್ರೂ ಕೂಡ್ಲೇ ಸಿಗ್ತದೆ."

ಮಾಸ್ತರರು ಗೋಡೆಗೆ ಒರಗಿ ಕೂತುಬಿಟ್ಟರು. "ಅಂಗಾರ ಅವರ, ಹದಿನೆಂಟುನೂರಾ ಅರವತ್ತಾರರಾಗ ಲಂಡನ್ನಿನ ಪಂಡಿತರ ಮುಂದ ನ್ಯೂಲ್ಯಾಂಡ್ಸ್ ಅನ್ನಾಂವ ನಿಂತು, ಧಾತುಗಳನ್ನ ತೂಕದ ಪ್ರಕಾರ ಸಾಲಾಗಿ ಇಟ್ಟರ ಎಂಟನೇದು ಮೊದಲನೇದರ ಹಂಗ ಇರತೈತಿ, ಸಂಗೀತದ ಸ್ವರದಂಗ, ಅಂತ ಹೇಳಿದ. ಆವಾಗ ಒಬ್ಬಾಂವ ಎದ್ದು ನಿಂತು, 'ಅಕ್ಷರದ ಪ್ರಕಾರ ಹಚ್ಚಿ ನೋಡೀರೇನು?' ಅಂತ ಕೇಳಿದ. ಎಲ್ಲಾರೂ ನಕ್ಕರು. ಅವನ ಲೇಖನಾನೂ ಅಚ್ಚು ಹಾಕಲಿಲ್ಲ. ಅವತ್ತು ಚೇಷ್ಟಿಗೆ ಅಂದಿದ್ದನ್ನ ನೀವು ಇವತ್ತು ಖರೇನ ಮಾಡೀರಿ!"

"ಹಾಗಾದ್ರೆ ಇದನ್ನು ಮಾಡಿದವರಲ್ಲಿ ನಾನೇ ಫಸ್ಟಾ?" ಎಂದ ಅಂಗಾರ, ಹಿಗ್ಗಿ.

ಸಂಗೀತದ ಸ್ವರದ ಮಾತು ಇನ್ನೊಂದು ಕಿವಿಗೂ ಬಿದ್ದಿತ್ತು. ಪಕ್ಕದ ಬೀದಿಯ ನಳಿನಾಕ್ಷಿ ತನ್ನ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವಾಕೆ, ಉಡುಪಿಯವಳು. ಅಂದಿನ ನಾಡಗೀತೆಗೆ ಇಪ್ಪತ್ತೊಂದು ಮಕ್ಕಳನ್ನು ತಂದಿದ್ದಳು. "ಎಂತ ಹೇಳಿದ್ರಿ ಮಾಷ್ಟ್ರೇ? ಎಂಟನೇದು ಮೊದಲಿನ ಹಾಗೆ? ಅದು ನಮ್ಮ ಸ ರಿ ಗ ಮ ಅಲ್ವಾ! ಸ ರಿ ಗ ಮ ಪ ದ ನಿ, ಮತ್ತೆ ಸ!"

ಬೆಳಿಗ್ಗೆಯಿಂದ ಮೊದಲ ಸಲ ಒಬ್ಬರಿಗೆ ವಿಷಯ ಅರ್ಥವಾಗಿತ್ತು. ಮಾಸ್ತರರು ಎದ್ದು ಕೂತರು. "ಹೌದ್ರಿ ಅಕ್ಕಾರ! ಜಲಜನಕ 'ಸ' ಅಂತ ಹಿಡೀರಿ. ಲಿಥಿಯಂ 'ರಿ'. ಏಳು ದಾಟಿದ ಮ್ಯಾಲೆ ಮತ್ತ 'ರಿ'ಗೆ ಸೋಡಿಯಂ ಬರತೈತಿ, ಆಮ್ಯಾಲೆ ಪೊಟ್ಯಾಸಿಯಂ. ಮೂರೂ ಅಣ್ಣತಮ್ಮಂದಿರಿದ್ದಂಗ!"

"ಕೊಡಿ ಮತ್ತೆ ಇಪ್ಪತ್ತೊಂದು ಕಾರ್ಡು. ನನ್ನ ಮಕ್ಕಳು ಹಿಡಿದು ಹಾಡ್ಲಿ. ಗೋಡೆಗೆ ಅಂಟಿಸುವ ರಗಳೆಯೇ ಬೇಡ."

"ಅಕ್ಕಾರ, ಅದು ಕ್ಯಾಲ್ಸಿಯಂ ತನಕ ಅಷ್ಟ ಕೂಡತೈತಿ. ಮುಂದ ಅಪಸ್ವರ..." ಎನ್ನುತ್ತಲೇ ಮಾಸ್ತರರು ಗೋಡೆಯಿಂದ ನ್ಯೂಲ್ಯಾಂಡ್ಸ್‌ನ ಕ್ರಮದಲ್ಲಿ ಇಪ್ಪತ್ತೊಂದನ್ನು ಆರಿಸಿದರು; ಮಾತು ಮುಗಿಯುವ ಮೊದಲೇ ಅವು ನಳಿನಾಕ್ಷಿಯ ಕೈಯಲ್ಲಿದ್ದವು. ಇರಲಿ, ಉಳಿದ ನಲವತ್ತೆರಡಾದರೂ ಗೋಡೆಯ ಮೇಲಿರಲಿ ಎಂದು, ಮಕ್ಕಳಿಗೆ ಸಾಲು ತೋರಿಸಿ ಬಂದು ನೋಡಿದರೆ ಗೋಡೆ ಬೋಳಾಗಿತ್ತು.

"ಊಟದ ಟೇಬಲ್ಲಿಗೆ ಕೊಟ್ಟೆ," ಎಂದ ಅಂಗಾರ. "ಪಾತ್ರೆಗಳ ಮುಂದೆ ಹೆಸರು ಬರೆದಿಡ್ಲಿಕ್ಕೆ ಚೀಟಿ ಇರಲಿಲ್ಲ. ಹೇಗೂ ಇವುಗಳ ಹಿಂದೆ ಖಾಲಿ ಉಂಟಲ್ಲ?"

ಮಾಸ್ತರರಿಗೆ ಜೀವಮಾನದಲ್ಲಿ 'ಖಾಲಿ' ಎಂಬ ಶಬ್ದದ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ. ಓಡಿ ಹೋಗಿ ನೋಡಿದರು. ಈಚೆಯಿಂದ ಓದಿದರೆ 'ಗಿರಮಿಟ್', ಆಚೆಯಿಂದ ಓದಿದರೆ 'ಆರ್ಸೆನಿಕ್, 75'. ಮಿರ್ಚಿ ಭಜಿಯ ಬೆನ್ನಿಗೆ ಸೀಸ. ಮೊಸರನ್ನದ ಬೆನ್ನಿಗೆ ಪಾದರಸ. ಸರದಿಯಲ್ಲಿ ಆಚೆ ಕಡೆ ನಿಂತವರು ತಟ್ಟೆ ಹಿಡಿದುಕೊಂಡು ಮುಖ ಮುಖ ನೋಡುತ್ತಿದ್ದರು.

"ದ್ರಾಕ್ಷಾಯಿಣಿ, ಇವನ್ನ ತಗಿ!"

"ಈಗ ತಗದ್ರ ಮಂದಿ ಮೊಸರನ್ನಾನ ಪಾಯಸ ಅಂತ ಹಾಕ್ಕೋತಾರ. ನೀವು ನಡೀರಿ, ಮೈಕಿನಾಗ ನಿಮ್ಮ ಹೆಸರು ಕೂಗಾಕತ್ತಾರ. ಯಾರರ ಕೇಳಿದ್ರ ನಾ ಹೇಳತೀನಿ."

ನಿಜವಾಗಿಯೂ ಕೂಗುತ್ತಿದ್ದರು. ಮಾಸ್ತರರು ಅಂಗಿಯ ಗುಂಡಿ ಸರಿಮಾಡಿಕೊಂಡು ವೇದಿಕೆ ಹತ್ತಿದರು. ಮುಂದಿನ ಸಾಲಿನಲ್ಲಿ 'ಶೈಲಜಾ ಮೇಡಂ' ಎಂದು ಬರೆದಿಟ್ಟಿದ್ದ ಕುರ್ಚಿ ಖಾಲಿ ಇತ್ತು. ಬಂದಾರು, ಟ್ರಾಫಿಕ್ಕು ಇದ್ದೀತು, ಎಂದುಕೊಂಡು ಮಾಸ್ತರರು ಶುರುಮಾಡಿದರು.

"ಮಕ್ಕಳೇ, ನೂರೈವತ್ತು ವರ್ಷದ ಹಿಂದ..."

"ಸಾssss" ಎಂದು ನಳಿನಾಕ್ಷಿ ಶ್ರುತಿ ಹಿಡಿದಳು.

ಮೂರು ಸಾಲು, ಸಾಲಿಗೆ ಏಳು ಮಕ್ಕಳು. ಮೊದಲು ಚೆಂದವೇ ಇತ್ತು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದರ ಹಿಂದೆ ಒಂದು ನಿಂತು 'ರಿ' ಎಂದವು. ಅಪ್ಪ-ಅಮ್ಮಂದಿರು ಫೋನು ಎತ್ತಿ ವಿಡಿಯೋ ಹಿಡಿದರು. ಆದರೆ ಮೂರನೆಯ ಸಾಲಿನ ಕೊನೆಗೆ ಕಬ್ಬಿಣ ಹಿಡಿದು ನಿಂತಿದ್ದ ಅಶ್ವಿತಾ ಎಂಬ ಒಂಬತ್ತರ ಹುಡುಗಿ ತನ್ನ ಮುಂದಿದ್ದ ಗಂಧಕ, ಆಮ್ಲಜನಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಕೈ ಎತ್ತಿದಳು.

"ಬಟ್ ಅಂಕಲ್, ಐರನ್ ಈಸ್ ನಥಿಂಗ್ ಲೈಕ್ ಆಕ್ಸಿಜನ್! ವೈ ಆಮ್ ಐ ಇನ್ ದಿಸ್ ಲೈನ್?"

ಆರು ವರ್ಷ! ಆರು ವರ್ಷದ ಮೇಲೆ ಒಂದು ಪ್ರಶ್ನೆ! ಮಾಸ್ತರರ ಮೈ ಜುಂ ಎಂದಿತು. "ಶಾಭಾಷ್! ಶಾಭಾಷ್ ಮಗಳ! ನ್ಯೂಲ್ಯಾಂಡ್ಸ್ ಎಡವಿದ್ದು ಬರೋಬ್ಬರಿ ಅಲ್ಲೇ..."

"ಹಾಡು ನಿಲ್ಲಿಸಬಾರದು! ನೀss" ಎಂದಳು ನಳಿನಾಕ್ಷಿ. ಇಪ್ಪತ್ತೊಂದು ಕಂಠ ಒಟ್ಟಿಗೆ "ನೀss" ಎಂದಿತು. ಉತ್ತರ ಅದರಲ್ಲಿ ಮುಳುಗಿಹೋಯಿತು. ಚಪ್ಪಾಳೆ ಬಿತ್ತು. ಮಕ್ಕಳು ಗಂಧಕ, ರಂಜಕಗಳಿಂದ ಗಾಳಿ ಬೀಸಿಕೊಳ್ಳುತ್ತ ಊಟದ ಕಡೆಗೆ ಓಡಿದರು. ಅಶ್ವಿತಾ ಎರಡು ಸಲ ತಿರುಗಿ ನೋಡಿ ಅವರ ಹಿಂದೆ ಹೋದಳು.

ಮಾಸ್ತರರು ಗಡಿಯಾರ ನೋಡಿದರು. ಇನ್ನೂ ಹತ್ತು ನಿಮಿಷವಿತ್ತು. "ಈಗ ಫ್ರಾನ್ಸಿನ ಶಾಂಕೂರ್ತ್ವಾನ ಸುರುಳಿ. ನಿಮ್ಮ ಕೈಯಾಗಿನ ಕರಪತ್ರದಾಗ ಅದರ ಚಿತ್ರ ಐತಿ, ನೋಡ್ರಿ."

ಜನ ಕರಪತ್ರ ತಿರುಗಿಸಿದರು. ಅಲ್ಲಿ ಮಿಠಾಯಿ ಅಂಗಡಿಯ ಜಿಲೇಬಿಯ ಚಿತ್ರವಿತ್ತು.

"ಇದೇನಾ ಸುರುಳಿ?" ಎಂದು ಯಾರೋ ಕೇಳಿದರು. ಸಭೆ ಗೊಳ್ಳೆಂದಿತು. ಕರಪತ್ರ ಅಚ್ಚು ಹಾಕಿಸಿ ಹಂಚಿದ್ದ ಅಂಗಾರ ಬದಿಯಲ್ಲಿ ನಿಂತು, ಜಾಗ ಸಾಲಲಿಲ್ಲ ಎಂದು ಕೈಸನ್ನೆ ಮಾಡಿದ.

ವಿಚಿತ್ರವೆಂದರೆ ಶಾಂಕೂರ್ತ್ವಾನಿಗೂ ಹೀಗೇ ಆಗಿತ್ತು. ಅವನ ಲೇಖನ ಅಚ್ಚಾಗುವಾಗ ಚಿತ್ರವನ್ನೇ ಬಿಟ್ಟಿದ್ದರು, ಹಾಗಾಗಿ ಓದಿದವರಿಗೆ ತಲೆಬುಡ ತಿಳಿಯಲಿಲ್ಲ. ಅದನ್ನೇ ಹೇಳಿ ಸಭೆಯನ್ನು ಗೆಲ್ಲಬಹುದಿತ್ತು. ಗಾಬರಿಯಲ್ಲಿ ಮಾಸ್ತರರಿಗೆ ಹೊಳೆದದ್ದು ಬೇರೆ. ವೇದಿಕೆಯ ಪಕ್ಕದಲ್ಲಿ ವಾಲಿಬಾಲ್ ನೆಟ್ಟಿನ ಕಂಬವಿತ್ತು. "ಚಿತ್ರ ಇಲ್ಲದಿದ್ರೇನಾತು, ಮಾಡೇ ತೋರಸ್ತೀನಿ! ಈ ಕಂಬದ ಸುತ್ತ ಧಾತುಗಳು ತೂಕದ ಪ್ರಕಾರ ಏರಿಕೋತ ಹೊಂಟಾವು ಅಂತ ತಿಳೀರಿ. ಇದು ಲಿಥಿಯಂ, ಹಿಂಗ ಸುತ್ತು ಹಾಕಿದ್ರ ಅದರ ನೆತ್ತಿ ಮ್ಯಾಲೆ ಸೋಡಿಯಂ, ಇನ್ನೊಂದು ಸುತ್ತಿಗೆ ಪೊಟ್ಯಾಸಿಯಂ..." ಎನ್ನುತ್ತ ಕಂಬದ ಸುತ್ತ ನಡೆಯತೊಡಗಿದರು.

ಅವರ ಕೈಯಲ್ಲಿದ್ದದ್ದು ವೈರಿನ ಮೈಕು.

ಮೂರನೆಯ ಸುತ್ತಿಗೆ ವೈರು ಕಂಬಕ್ಕೂ ಮಾಸ್ತರರ ಸೊಂಟಕ್ಕೂ ಸೇರಿ ಸುತ್ತಿಕೊಂಡಿತು. ನಾಲ್ಕನೆಯ ಸುತ್ತು ಹಾಕಲು ಹೋದರು, ಆಗಲಿಲ್ಲ. ತಿರುಗುವ ಬದಲು ನಿಂತೇ ಪಾಠ ಮುಂದುವರಿಸಿದರು, ಕಂಬಕ್ಕೆ ಕಟ್ಟಿದ ಎಮ್ಮೆ ಮೆಲುಕು ಹಾಕುವ ಗಾಂಭೀರ್ಯದಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. ಅದು ಕೆಟ್ಟ ನಗೆಯಲ್ಲ, ಮನೆಯವರ ನಗೆ. ಆದರೂ ನಗೆ ನಗೆಯೇ.

ಆಗಲೇ ಅವರ ಕಣ್ಣು ಜಿಮ್ಮಿನ ಹಿಂಬದಿಗೆ ಹೋಯಿತು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡ ಶೈಲಜಾ ಮೇಡಂ ಊಟದ ಟೇಬಲ್ಲಿನ ಮುಂದೆ, ವೇದಿಕೆಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ಗಿರಮಿಟ್ಟಿನ ತಟ್ಟೆ. ಯಾವಾಗ ಬಂದಿದ್ದರೋ. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಸಮಾಧಾನ: ಸದ್ಯ, ಕಂಬಕ್ಕೆ ಕಟ್ಟಿಸಿಕೊಂಡದ್ದನ್ನು ನೋಡಲಿಲ್ಲ! ಆದರೆ ಪಾಠವನ್ನೂ ನೋಡಲಿಲ್ಲವಲ್ಲ.

ಅಂಗಾರ ಬಂದು ವೈರು ಬಿಡಿಸಿದ. "ಸೂಪರ್ ಆಯ್ತು ಮಾಷ್ಟ್ರೇ. ಇಷ್ಟು ನಗು ಕಳೆದ ವರ್ಷದ ನಾಟಕಕ್ಕೂ ಬಿದ್ದಿರಲಿಲ್ಲ."

ಮಾಸ್ತರರು ಪರದೆಯ ಹಿಂದೆ ಹೋಗಿ ಒಂದು ಮಡಿಸಿದ ಕುರ್ಚಿಯನ್ನು ಬಿಡಿಸಿ ಕೂತರು. ಸೋಮವಾರ ಮತ್ತೆ ಕೀಲುಗಳು, ಎಂದು ಯೋಚಿಸುತ್ತಿರುವಾಗ ಹಿಂದಿನಿಂದ ದನಿ ಬಂತು.

"ಬಸವಂತಪ್ಪ ಸರ್, ಇಲ್ಲಿದ್ದೀರಾ? ನಾನು ಶೈಲಜಾ. ನಿಮ್ಮನ್ನೇ ಹುಡುಕ್ತಿದ್ದೆ."

ಮಾಸ್ತರರು ಸ್ಪ್ರಿಂಗಿನಂತೆ ಎದ್ದರು.

"ನಾನು ಇನ್ನು ಯಾರನ್ನೂ ನೋಡೋದು ಬೇಕಿಲ್ಲ ಸರ್. ನಮ್ಮ ಶಾಲೆಗೆ ಬೇಕಾದವರು ಸಿಕ್ಕಿಬಿಟ್ರು."

ಮಾಸ್ತರರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಖರೇನ್ರಿ ಮೇಡಂ?"

"ನಿಜ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನ್ಯೂಮಾರ್ಕೆಟ್‌ಗೆ ಬರೋಕಾಗತ್ತಾ? ಚಳಿಗಾಲ ಬೇರೆ, ಸ್ನೋ ಇರತ್ತೆ."

"ಸ್ನೋ ಬೀಳಲಿ, ಸಿಡಿಲ ಬೀಳಲಿ, ಬರೋದ ಬರೋದರಿ."

"ಒಂದು ವಾರನೂ ತಪ್ಪಬಾರದು. ಮಕ್ಕಳು ಕಾಯ್ತಾರೆ."

"ತಪ್ಪಂಗಿಲ್ಲರಿ. ಅದಕ್ಕ ನಾ ಗ್ಯಾರಂಟಿ."

"ಕಾರು ನೀವೇ ಓಡಿಸ್ತೀರಲ್ವಾ?"

"ಹೌದ್ರಿ, ನಾನ ಓಡಸ್ತೀನಿ."

"ಅಬ್ಬ, ಸದ್ಯ!" ಎಂದು ಶೈಲಜಾ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ನನಗೆ ಅದೊಂದೇ ಚಿಂತೆ ಇತ್ತು. ನಿಮ್ಮ ಮಿಸೆಸ್‌ಗೆ ಡ್ರೈವಿಂಗ್ ಬರೋದಿಲ್ಲ ಅಂದ್ರು."

ಮಾಸ್ತರರ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಡಂ ಉತ್ಸಾಹದಲ್ಲಿ ಅದನ್ನು ಗಮನಿಸಲಿಲ್ಲ.

"ಗಿರಮಿಟ್ಟಿನ ಮುಂದೆ ಆರ್ಸೆನಿಕ್ ಅಂತ ಇತ್ತು, ಹೆದರಿ ಇದೇನಮ್ಮಾ ಅಂತ ಕೇಳಿದೆ. ಅಲ್ಲಿಂದ ಶುರು! ಸಪ್ಪೆ ಮೆಣಸಿನಕಾಯಿ ಒಂದು, ಉರಿಯೋದು ಒಂದು, ನಡುವಿನದರ ಖಾರ ಎರಡರ ಮಧ್ಯೆ, ಹಾಗೇ ಮೂರು ಮೂರು ಗುಂಪು ಮಾಡಿದ್ರು ಅಂದ್ರು. ಹಾಡೋಕೆ ಹೋಗಿದ್ದ ಮಕ್ಕಳೆಲ್ಲ ಬಂದು ಸುತ್ತ ನಿಂತರು. ಆಮೇಲೆ ಆ ಖಾಲಿ ಜಾಗದ ವಿಷಯ! 'ಸಾಲಾಗಿ ಡಬ್ಬಿ ಇಟ್ಟೀನಿ, ಒಂದನ್ನ ಪಕ್ಕದ ಮನಿಯವರು ಒಯ್ದಾರ. ಆಜುಬಾಜು ಇರೋ ಡಬ್ಬಿ ನೋಡಿದ್ರ, ಹೋದದ್ದು ಎಷ್ಟ ಎತ್ತರದ್ದು, ಅದರಾಗ ಏನಿತ್ತು ಅಂತ ಹೇಳಬಹುದಲ್ಲ? ರಷ್ಯಾದಾಂವ ಹಂಗ ಹೇಳಿದ' ಅಂದ್ರು. ಕಬ್ಬಿಣ ಹಿಡ್ಕೊಂಡಿದ್ದ ಹುಡುಗಿಯಂತೂ ಹತ್ತು ಪ್ರಶ್ನೆ ಕೇಳಿದಳು ಸರ್, ಒಂದಕ್ಕೂ ಅವರು ತಡವರಿಸಲಿಲ್ಲ. ಎಲ್ಲಿ ಕಲಿತಿರಿ ಅಂದ್ರೆ, 'ನಮ್ಮ ಮನಿಯವರು ಒದರತಿರತಾರ, ಕಿವಿಮ್ಯಾಲೆ ಬಿದ್ದೈತಿ' ಅಂತ ನಗ್ತಾರೆ!"

ಅಷ್ಟರಲ್ಲಿ ದ್ರಾಕ್ಷಾಯಿಣಿಯೇ ಸೆರಗಿಗೆ ಕೈ ಒರೆಸುತ್ತ ಬಂದಳು. ಮುಖ ಕೆಂಪಾಗಿತ್ತು. "ರೀ, ನಾ ಒಲ್ಲೆ ಅಂದ್ನಿ. ನಾ ಎಸ್ಸೆಸ್ಸೆಲ್ಸಿಯಾಗ ಸೈನ್ಸ್ ದಾಟಿದ್ದ ಮೂವತ್ತೈದಕ್ಕ, ನಮ್ಮ ಮನಿಯವರನ್ನ ಕೇಳ್ರಿ ಅಂದ್ನಿ. ಇವರು ಕೇಳವಲ್ರು."

ಮಾಸ್ತರರು ಹೆಂಡತಿಯ ಮುಖ ನೋಡಿದರು. ಒಲ್ಲೆ ಎನ್ನುತ್ತಿದ್ದದ್ದು ಬಾಯಿ ಮಾತ್ರ. ಆರು ವರ್ಷದಲ್ಲಿ ಈ ಊರಿನಲ್ಲಿ ಯಾರೂ ಆಕೆಯನ್ನು ನಿನಗೇನು ಗೊತ್ತು ಎಂದು ಕೇಳಿದವರಿರಲಿಲ್ಲ; ಕೇಳಿದ ಮೊದಲ ದಿನವೇ ಕಣ್ಣು ಹೀಗೆ ಮಿಂಚುತ್ತಿತ್ತು. ಮಾಸ್ತರರು ಮೇಡಂ ಕಡೆ ತಿರುಗಿ, "ಬರ್ತಾಳ್ರಿ ಮೇಡಂ. ಕರಕೊಂಡ ಬರೋದು ನನ್ನ ಕೆಲಸ," ಎಂದರು.

"ಎರಡು ಗಂಟೆ ಕ್ಲಾಸು. ನಿಮಗೆ ಕಾರಲ್ಲಿ ಕೂತು ಬೇಜಾರಾಗಲ್ವಾ?"

"ಇಲ್ಲರಿ," ಎಂದರು ಮಾಸ್ತರರು. ಅಂದು ಅವರು ಆಡಿದ ಒಂದೇ ಒಂದು ಸುಳ್ಳು ಅದು.

ಮನೆಯ ದಾರಿಯಲ್ಲಿ ಕತ್ತಲು ಬೇಗನೆ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಖಾಲಿ ಪಾತೇಲಿ ಪ್ರತಿ ತಿರುವಿಗೂ ಢಣ್ ಎನ್ನುತ್ತಿತ್ತು. ದ್ರಾಕ್ಷಾಯಿಣಿ ಮೆಲ್ಲಗೆ, "ರೀ, ಮುಂದಿನ ಶನಿವಾರ ಏನ ಹೇಳ್ಲಿ? ನನಗ ಇನ್ನು ಮುಂದಿಂದು ಗೊತ್ತಿಲ್ಲ. ನೀವ ಹೇಳಿಕೊಡಬೇಕು," ಎಂದಳು.

ಮಾಸ್ತರರ ಬೆನ್ನು ತಾನೇ ನೆಟ್ಟಗಾಯಿತು. ರೇಡಿಯೋ ಆರಿಸಿದರು, ಗಂಟಲು ಸರಿಮಾಡಿಕೊಂಡರು. ಹದಿನೆಂಟು ವರ್ಷ ಪಾಠ ಹೇಳಿದ ದನಿ ಕಾರು ತುಂಬಿತು. "ಚಲೋ ಕೇಳಿದಿ. ಈಗ ನೋಡು, ಹದಿನೆಂಟುನೂರಾ ಅರವತ್ತೊಂಬತ್ತನೇ ಇಸವಿ, ಮಾರ್ಚ್ ತಿಂಗಳು, ಸೇಂಟ್ ಪೀಟರ್ಸ್‌ಬರ್ಗ್ ಪಟ್ಟಣದೊಳಗ..."

"ತಡೀರಿ, ತಡೀರಿ," ಎಂದು ದ್ರಾಕ್ಷಾಯಿಣಿ ಚೀಲದಿಂದ ಪೆನ್ನು ತೆಗೆಯುತ್ತ ಅಂದಳು. "ಇಸವಿ ಗಿಸವಿ ಎಲ್ಲಾ ಬ್ಯಾಡ್ರಿ. ಮಕ್ಕಳಿಗೆ ತಿಳಿಯೋ ಹಂಗ ಹೇಳ್ರಿ."